ಹಳೇ ವಾದ್ಯ ಇರಲಿ, ‘ಅಸಲಿ’ ಅನ್ನೋ ಲೇಬಲ್ ಬೇಡ

ಮೊಜಾರ್ಟ್‌ನ ರೆಕ್ವಿಯಮ್ ಅನ್ನು ಯೂರೋಪಿನಲ್ಲಿ ಇವತ್ತು ನುಡಿಸುವ ತಂಡಗಳಲ್ಲಿ ಸುಮಾರು ಜನ ಹಳೇ ಕಾಲದ ವಾದ್ಯಗಳನ್ನೇ ಹಿಡಿಯುತ್ತಾರೆ. ಪ್ರಾಣಿಯ ಕರುಳಿನಿಂದ ಮಾಡಿದ ತಂತಿಯ ಪಿಟೀಲು, ವಾಲ್ವ್ ಇಲ್ಲದ ಟ್ರಂಪೆಟ್, ಕರುವಿನ ಚರ್ಮ ಬಿಗಿದ ಡ್ರಮ್, ಮೂವತ್ತರ ಆಸುಪಾಸಿನ ಚಿಕ್ಕ ಕೋರಸ್. ಇದು ನಮಗೆ ತುಂಬಾ ಇಷ್ಟ. ಇಷ್ಟ ಆಗದೇ ಇರೋದು ಇದರ ಜೊತೆ ಅಂಟಿಕೊಂಡು ಬರುವ ಒಂದು ಮಾತು: ಇದೇ ‘ಅಸಲಿ’ ರೆಕ್ವಿಯಮ್, ಮೊಜಾರ್ಟ್ ಅಂದುಕೊಂಡಿದ್ದು ಹೀಗೇ, ಉಳಿದವರದ್ದೆಲ್ಲ ಕಲಬೆರಕೆ. ನಾವು ಆ ವಾದ್ಯಗಳ ಪರ, ಆ ಲೇಬಲ್‌ನ ವಿರುದ್ಧ. ಎರಡೂ ಒಟ್ಟಿಗೆ ಹೇಗೆ ಸಾಧ್ಯ ಅಂತ ಕೇಳಿದ ಗೆಳೆಯರಿಗೆ ಕ್ಯಾಂಟೀನಿನಲ್ಲಿ ಕೊಟ್ಟ ಉತ್ತರ ಸಾಕಾಗಲಿಲ್ಲ, ಅದಕ್ಕೇ ಈ ಬರಹ.

ಗೊತ್ತಿಲ್ಲದವರಿಗೆ ಎರಡು ಮಾತು. ರೆಕ್ವಿಯಮ್ ಅಂದರೆ ಕ್ಯಾಥೊಲಿಕ್ ಚರ್ಚಿನಲ್ಲಿ ತೀರಿಕೊಂಡವರಿಗಾಗಿ ನಡೆಯುವ ಪೂಜೆ. ನಮ್ಮ ಕರಾವಳಿಯ ಸ್ನೇಹಿತರು ಬಲಿಪೂಜೆ ಅಂತಾರಲ್ಲ, ಅದರಲ್ಲೇ ಸತ್ತವರಿಗೆ ಮೀಸಲಾದದ್ದು. ಲ್ಯಾಟಿನ್‌ನಲ್ಲಿ ಆ ಪದಕ್ಕೆ ವಿಶ್ರಾಂತಿ ಅಂತ ಅರ್ಥ. ಸಾಹಿತ್ಯ ಮೊದಲೇ ಗೊತ್ತಾಗಿರುವ ಪ್ರಾರ್ಥನೆಗಳು, ಸಂಗೀತಗಾರ ಅದಕ್ಕೆ ರಾಗ ಹಾಕಬೇಕು ಅಷ್ಟೇ. ಮೊಜಾರ್ಟ್ 1791ರಲ್ಲಿ ವಿಯೆನ್ನಾದಲ್ಲಿ ಇದನ್ನು ಬರೆಯುತ್ತಾ ಇದ್ದಾಗಲೇ, ಡಿಸೆಂಬರ್ 5ರಂದು ತೀರಿಕೊಂಡರು. ವಯಸ್ಸು 35. ಕೃತಿ ಅರ್ಧಕ್ಕೇ ನಿಂತಿತ್ತು.

ಮೊದಲು ವಾದ್ಯಗಳ ಪರ ವಕಾಲತ್ತು. ಇದಕ್ಕೆ ಭಕ್ತಿ ಬೇಕಿಲ್ಲ, ಕಿವಿ ಸಾಕು, ಸ್ವಲ್ಪ ಫಿಸಿಕ್ಸ್ ಇದ್ದರೆ ಇನ್ನೂ ಒಳ್ಳೇದು.

ಈ ಕೃತಿಯಲ್ಲಿ ಮೂರು ಟ್ರಾಂಬೋನ್‌ಗಳಿವೆ. ಅವುಗಳ ಮುಖ್ಯ ಕೆಲಸ ಏನು ಗೊತ್ತಾ? ಕೋರಸ್‌ನ ಮೂರು ದನಿಗಳಾದ ಆಲ್ಟೊ, ಟೆನರ್, ಬೇಸ್ ಜೊತೆಗೇ ಅದೇ ಸ್ವರಗಳನ್ನು ಊದೋದು. ಆಸ್ಟ್ರಿಯಾದ ಚರ್ಚುಗಳಲ್ಲಿ ಆಗ ಅದೇ ಪದ್ಧತಿ. ಹಾಡುವವರಿಗೆ ಬೆನ್ನೆಲುಬು ಇದ್ದ ಹಾಗೆ. ಆ ಕಾಲದ ಟ್ರಾಂಬೋನ್‌ನ ಕೊಳವೆ ಸಣ್ಣದು, ಬಾಯಿ ಕಿರಿದು, ಸದ್ದು ಮನುಷ್ಯನ ಗಂಟಲಿಗೆ ಹತ್ತಿರ. ಈಗಿನ ಟ್ರಾಂಬೋನ್ ಬೆಳೆದಿರೋದು ಎರಡು ಸಾವಿರ ಜನ ಕೂರುವ ಹಾಲ್‌ಗೆ. ಅದನ್ನು ಆರಾಮವಾಗಿ ಊದಿದರೆ ಹಾಡುವವರು ಮುಚ್ಚಿಹೋಗ್ತಾರೆ. ಹಾಗಾಗಿ ಕಂಡಕ್ಟರ್ ಕೈ ಎತ್ತಿ ‘ಮೆಲ್ಲಗೆ, ಮೆಲ್ಲಗೆ’ ಅಂತ ಸನ್ನೆ ಮಾಡುತ್ತಲೇ ಇರಬೇಕು. ನುಡಿಸುವವರು ಪೂರ್ತಿ ಉಸಿರು ಬಿಡದೆ ಇಡೀ ಕೃತಿ ಮುಗಿಸಬೇಕು. ಹಳೇ ಟ್ರಾಂಬೋನ್ ಹಿಡಿದರೆ ಆ ಸಮಸ್ಯೆಯೇ ಇಲ್ಲ. ಅವರು ಧಾರಾಳವಾಗಿ ಊದಬಹುದು, ಇವರು ಧಾರಾಳವಾಗಿ ಹಾಡಬಹುದು, ಪದಗಳೂ ಕೇಳಿಸುತ್ತವೆ.

ಸಿಗ್ನಲ್ಸ್ ಓದಿದವರಿಗೆ ಇದು ಮಾಸ್ಕಿಂಗ್ ಅಂತ ಹೇಳಿದರೆ ಸಾಕು. ಜೋರಾದ ಒಂದು ಸದ್ದು, ಅದರ ಪಕ್ಕದ ಫ್ರೀಕ್ವೆನ್ಸಿಯ ಮೆಲುವಾದ ಸದ್ದನ್ನು ಕಿವಿಯಿಂದ ಮರೆ ಮಾಡುತ್ತೆ. ಹಾಸ್ಟೆಲ್‌ನಲ್ಲಿ ನಾವು ಮೂವರು ಒಂದೇ ಹೆಡ್‌ಫೋನ್‌ನಲ್ಲಿ ಸರದಿ ಮೇಲೆ ಎರಡು ರೆಕಾರ್ಡಿಂಗ್ ಕೇಳಿದೆವು. ಒಂದು, ಕಾರ್ಲ್ ಬೋಮ್ 1971ರಲ್ಲಿ ವಿಯೆನ್ನಾ ಫಿಲ್‌ಹಾರ್ಮೋನಿಕ್ ಜೊತೆ ಮಾಡಿದ್ದು. ಇನ್ನೊಂದು, ಜಾನ್ ಎಲಿಯಟ್ ಗಾರ್ಡಿನರ್ 1986ರಲ್ಲಿ ಹಳೇ ವಾದ್ಯಗಳೊಂದಿಗೆ ಮಾಡಿದ್ದು. ಬೋಮ್ ಅವರದ್ದು ಒಂದು ಗಂಟೆ ದಾಟುತ್ತೆ, ಗಾರ್ಡಿನರ್ 50 ನಿಮಿಷದೊಳಗೆ ಮುಗಿಸ್ತಾರೆ. ‘ಕಿರಿಯೆ’ ಭಾಗದಲ್ಲಿ ನಾಲ್ಕು ದನಿಗಳು ಒಂದರ ಹಿಂದೆ ಒಂದು ಅಟ್ಟಿಸಿಕೊಂಡು ಬರುತ್ತವೆ. ಗಾರ್ಡಿನರ್‌ನಲ್ಲಿ ಯಾವ ದನಿ ಯಾವಾಗ ಒಳಗೆ ಬಂತು ಅಂತ ಬೆರಳು ಮಡಚಿ ಎಣಿಸಬಹುದು. ಬೋಮ್‌ನಲ್ಲಿ ಅದು ಒಂದು ದೊಡ್ಡ ಮೋಡ. ಮೋಡವೂ ಚೆನ್ನಾಗೇ ಇದೆ, ಸುಳ್ಳು ಯಾಕೆ ಹೇಳೋದು. ಮೈಸೂರಿನ ಜಯಚಾಮರಾಜ ಒಡೆಯರ್ ಎರಡನೇ ಮಹಾಯುದ್ಧದ ನಂತರ ಹಣ ಕೊಟ್ಟು ಬೆಂಬಲಿಸಿದ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕೂಡ ಇಂಥ ದೊಡ್ಡ ಆಧುನಿಕ ಆರ್ಕೆಸ್ಟ್ರಾನೇ. ಆ ಸದ್ದನ್ನು ಪ್ರೀತಿಸಿದವರು ಕಿವುಡರಾಗಿರಲಿಲ್ಲ.

ಇನ್ನು ಬ್ಯಾಸೆಟ್ ಹಾರ್ನ್. ಹೆಸರಲ್ಲಿ ಹಾರ್ನ್ ಇದ್ದರೂ ಇದು ಕ್ಲಾರಿನೆಟ್ ಕುಟುಂಬದ್ದು, ಅದಕ್ಕಿಂತ ತಗ್ಗು ದನಿ. ಈ ಕೃತಿಯಲ್ಲಿ ಮೊಜಾರ್ಟ್ ಕೊಳಲು, ಓಬೋ, ಫ್ರೆಂಚ್ ಹಾರ್ನ್ ಎಲ್ಲವನ್ನೂ ಬಿಟ್ಟುಬಿಟ್ಟಿದ್ದಾರೆ. ಹೊಳೆಯುವಂಥ ಊದುವ ವಾದ್ಯ ಒಂದೂ ಬೇಡ ಅಂತ ಎರಡು ಬ್ಯಾಸೆಟ್ ಹಾರ್ನ್, ಎರಡು ಬಸೂನ್ ಮಾತ್ರ ಇಟ್ಟುಕೊಂಡಿದ್ದಾರೆ. ಮೊದಲ ಹತ್ತು ಸೆಕೆಂಡಿನಲ್ಲೇ ಅದು ಗೊತ್ತಾಗುತ್ತೆ. ಸಾವಿನ ಮನೆಯಲ್ಲಿ ಜನ ದನಿ ತಗ್ಗಿಸಿ ಮಾತಾಡ್ತಾರಲ್ಲ, ಆ ಥರ. ಇದನ್ನು ಮಾಮೂಲಿ ಕ್ಲಾರಿನೆಟ್‌ನಲ್ಲಿ ನುಡಿಸಿ ಕೆಲಸ ಮುಗಿಸಿದರೆ ಸ್ವರ ಅದೇ ಇರುತ್ತೆ, ಬಣ್ಣ ಹೋಗುತ್ತೆ.

ಟ್ರಂಪೆಟ್‌ನ ಕಥೆ ನಮ್ಮಂಥವರಿಗೆ ಇನ್ನೂ ರುಚಿ. ವಾಲ್ವ್ ಬಂದಿದ್ದು ಮೊಜಾರ್ಟ್ ಸತ್ತು ಇಪ್ಪತ್ತು ವರ್ಷ ಆದ ಮೇಲೆ. ಅಲ್ಲಿವರೆಗೂ ಟ್ರಂಪೆಟ್ ಅಂದರೆ ಎರಡು ಮೀಟರಿಗೂ ಉದ್ದದ ಹಿತ್ತಾಳೆ ಕೊಳವೆ, ಸುತ್ತಿ ಮಡಚಿದ್ದು. ಅದರಿಂದ ಬರೋದು ಹಾರ್ಮೋನಿಕ್ ಸರಣಿಯ ಸ್ವರಗಳು ಮಾತ್ರ. ಮೂಲ ಫ್ರೀಕ್ವೆನ್ಸಿಯ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಹೀಗೆ. ಬೇಕಾದ ಸ್ವರವನ್ನು ತುಟಿಯಲ್ಲೇ ಹಿಡಿಯಬೇಕು. ಏಳನೆಯದು, ಹನ್ನೊಂದನೆಯದು ನಮ್ಮ ಕಿವಿಗೆ ಸ್ವಲ್ಪ ಓರೆ ಕೇಳಿಸುತ್ತವೆ. ಅದಕ್ಕೇ ಸಂಗೀತಗಾರರು ಟ್ರಂಪೆಟ್‌ಗೆ ಕೆಲವೇ ಸ್ವರಗಳನ್ನು, ಹೆಚ್ಚಾಗಿ ಡ್ರಮ್ ಜೊತೆಯಲ್ಲೇ ಬರೆಯುತ್ತಿದ್ದರು.

ಹೀಗೆ ವಾದ್ಯಗಳ ಪರವಾದ ವಾದವೆಲ್ಲ ಬ್ಯಾಲೆನ್ಸ್ ಬಗ್ಗೆ. ಈ ಸ್ಕೋರ್ ಬರೆದಿದ್ದು ಈ ಹಾರ್ಡ್‌ವೇರ್‌ಗೆ, ಅದರಲ್ಲಿ ಓಡಿಸಿದರೆ ಕಡಿಮೆ ಒದ್ದಾಟದಲ್ಲಿ ಓಡುತ್ತೆ. ಇಷ್ಟಕ್ಕೇ ನಿಲ್ಲಿಸಿದ್ದರೆ ನಮಗೆ ಜಗಳ ಇರಲಿಲ್ಲ.

ಆದರೆ ‘ಅಸಲಿ’ ಅಂತ ಹೇಳಿದ ತಕ್ಷಣ ಪ್ರಶ್ನೆ ಶುರು. ಇವತ್ತು ‘ಹಳೇ ಟ್ರಂಪೆಟ್’ ಅಂತ ಕಾಣಿಸುವ ಎಷ್ಟೋ ವಾದ್ಯಗಳ ಕೊಳವೆಯಲ್ಲಿ ಸಣ್ಣ ತೂತುಗಳಿರುತ್ತವೆ. ಆ ಓರೆ ಸ್ವರಗಳನ್ನು ಸರಿಮಾಡೋಕೆ 20ನೇ ಶತಮಾನದಲ್ಲಿ ಸೇರಿಸಿದ್ದು. ರೆಕಾರ್ಡಿಂಗ್‌ನಲ್ಲಿ ಅಪಸ್ವರ ಬಂದರೆ ಈಗಿನ ಕೇಳುಗರು ಸಹಿಸಲ್ಲ, ಅದಕ್ಕೆ. ತೂತು ತಪ್ಪಲ್ಲ, ಒಳ್ಳೇ ಪರಿಹಾರವೇ. ಆದರೆ ಅದು ಪ್ಯಾಚ್. ಪ್ಯಾಚ್ ಹಾಕಿದ ಮೇಲೂ ಒರಿಜಿನಲ್ ವರ್ಷನ್ ಅಂತ ಕರೀಬಾರದು.

ಶ್ರುತಿಯದ್ದೂ ಇದೇ ಕಥೆ. ಈಗಿನ ಅಂತರರಾಷ್ಟ್ರೀಯ ಅಳತೆಯಲ್ಲಿ ಎ ಸ್ವರ 440 ಹರ್ಟ್ಸ್. ಹಳೇ ವಾದ್ಯದವರು ಮೊಜಾರ್ಟ್ ಕಾಲದ ಸಂಗೀತಕ್ಕೆ ಹೆಚ್ಚಾಗಿ 430 ಇಟ್ಟುಕೊಳ್ಳುತ್ತಾರೆ. ಲೆಕ್ಕ ಹಾಕಿದರೆ ವ್ಯತ್ಯಾಸ ಸುಮಾರು 40 ಸೆಂಟ್, ಅಂದರೆ ಅರ್ಧ ಸ್ವರದ ಅರ್ಧಕ್ಕಿಂತ ಕಡಿಮೆ. ಎತ್ತರದ ಸ್ವರಗಳಲ್ಲಿ ಸೊಪ್ರಾನೊಗಳಿಗೆ ಇಷ್ಟು ಇಳಿದರೂ ಉಸಿರಾಡಲು ಜಾಗ ಸಿಗುತ್ತೆ. ಆದರೆ ಆ 430 ಕೂಡ ಇಂದಿನವರು ಮಾಡಿಕೊಂಡ ಒಪ್ಪಂದ. ಆಗ ಊರಿಂದ ಊರಿಗೆ, ಚರ್ಚಿನ ಆರ್ಗನ್‌ನಿಂದ ಆರ್ಗನ್‌ಗೆ ಶ್ರುತಿ ಬೇರೆ ಇರುತ್ತಿತ್ತು. ನಮ್ಮ ಕಛೇರಿಗಳಲ್ಲಿ ಹಾಡುವವರ ಗಂಟಲಿಗೆ ತಕ್ಕಂತೆ ತಂಬೂರಿ ಶ್ರುತಿ ಮಾಡ್ತಾರಲ್ಲ, ಅದನ್ನು ನೋಡಿ ಬೆಳೆದವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ.

ಉಚ್ಚಾರಣೆ ನೋಡಿ. ಅದೇ ಲ್ಯಾಟಿನ್ ಪದವನ್ನು ಇಟಲಿಯ ರೀತಿಯಲ್ಲಿ ‘ಆನ್ಯುಸ್’ ಅಂತಾರೆ, ಜರ್ಮನ್ ರೀತಿಯಲ್ಲಿ ‘ಆಗ್ನುಸ್’ ಅಂತಾರೆ. ಹಳೇ ವಾದ್ಯ ಹಿಡಿದೂ ಇಟಲಿಯ ಉಚ್ಚಾರಣೆಯಲ್ಲೇ ಹಾಡುವವರಿದ್ದಾರೆ. ತಂತಿ ವಿಯೆನ್ನಾದ್ದು, ನಾಲಿಗೆ ರೋಮಿನದ್ದು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಯಾರು ಹಾಡಬೇಕು ಅನ್ನೋದು. ಆ ಕಾಲದ ಚರ್ಚಿನ ಕೋರಸ್‌ನಲ್ಲಿ ಮೇಲಿನ ದನಿಗಳು ಸಾಮಾನ್ಯವಾಗಿ ಹುಡುಗರದ್ದು. ಕ್ರಿಸ್ಟೋಫರ್ ಹಾಗ್‌ವುಡ್ 1983ರ ರೆಕಾರ್ಡಿಂಗ್‌ನಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಕ್ಯಾಥೀಡ್ರಲ್‌ನ ಹುಡುಗರನ್ನು ಹಾಡಿಸಿದರು. ಆದರೆ ಸೊಪ್ರಾನೊ ಸೋಲೋ ಹಾಡಿದ್ದು ಎಮ್ಮಾ ಕರ್ಕ್‌ಬಿ! ಉಳಿದ ಬಹುತೇಕ ಹಳೇ ವಾದ್ಯದ ತಂಡಗಳಲ್ಲಿ ಹೆಂಗಸರೇ ಹಾಡ್ತಾರೆ, ಹಾಡಲೇಬೇಕು. 1849ರಲ್ಲಿ ಪ್ಯಾರಿಸ್ಸಿನ ಮ್ಯಾಡಲೀನ್ ಚರ್ಚಿನಲ್ಲಿ ಶೋಪ್ಯಾನ್‌ನ ಅಂತ್ಯಸಂಸ್ಕಾರಕ್ಕೆ ಇದೇ ರೆಕ್ವಿಯಮ್ ಹಾಡಿದರು. ಆ ಚರ್ಚಿನಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ವಿಶೇಷ ಅನುಮತಿ ತಗೊಂಡು ಅವರನ್ನು ಕಪ್ಪು ಪರದೆಯ ಹಿಂದೆ ನಿಲ್ಲಿಸಿ ಹಾಡಿಸಿದರು. ಅಸಲಿ ಬೇಕು ಅನ್ನುವವರು ಆ ಪರದೆಯನ್ನೂ ವಾಪಸ್ ತರ್ತಾರಾ? ಯಾರೂ ತರಲ್ಲ. ಅಂದರೆ ಹಳೆಯದರಲ್ಲಿ ಯಾವುದು ಬೇಕು, ಯಾವುದು ಬೇಡ ಅಂತ ಎಲ್ಲರೂ ಆರಿಸಿಕೊಳ್ಳುತ್ತಲೇ ಇದ್ದಾರೆ. ಆರಿಸಿದ್ದೇವೆ ಅಂತ ಒಪ್ಪಿಕೊಳ್ಳಿ ಅನ್ನೋದಷ್ಟೇ ನಮ್ಮ ಬೇಡಿಕೆ.

ಈಗ ಅಸಲಿ ಜಗಳಕ್ಕೆ ಬರೋಣ. ಮೊಜಾರ್ಟ್ ಪೂರ್ತಿ ಮುಗಿಸಿದ್ದು ಮೊದಲ ಭಾಗ ಒಂದನ್ನೇ. ಆಮೇಲಿನ ಹಲವು ಭಾಗಗಳಿಗೆ ಹಾಡುವವರ ಸ್ವರ, ಕೆಳಗಿನ ಬೇಸ್, ಅಲ್ಲಲ್ಲಿ ವಾದ್ಯಗಳಿಗೆ ಸುಳಿವು ಬರೆದಿಟ್ಟಿದ್ದರು. ‘ಲಾಕ್ರಿಮೋಸಾ’ ಎಂಟು ಬಾರ್‌ಗೆ ನಿಂತಿತ್ತು. ಅರ್ಧ ದುಡ್ಡು ಮುಂಗಡ ಬಂದಾಗಿತ್ತು. ಹೆಂಡತಿ ಕಾನ್‌ಸ್ಟಾಂಝೆಗೆ 29 ವರ್ಷ, ಎರಡು ಸಣ್ಣ ಮಕ್ಕಳು, ಮೇಲೆ ಸಾಲ. ಕೃತಿ ಮುಗಿಸಿ ಕೊಡದಿದ್ದರೆ ಉಳಿದರ್ಧ ಬರಲ್ಲ. ಮೊದಲು ಐಬ್ಲರ್ ಅನ್ನೋ ಸಂಗೀತಗಾರ ಕೈ ಹಾಕಿ ಸ್ವಲ್ಪ ಮಾಡಿ ವಾಪಸ್ ಕೊಟ್ಟರು. ಕೊನೆಗೆ ಮುಗಿಸಿದ್ದು ಫ್ರಾನ್ಸ್ ಕ್ಸಾವರ್ ಸೂಸ್‌ಮಾಯರ್, ಆಗಿನ್ನೂ 25ರ ಹುಡುಗ. ಸೀನಿಯರ್ ಅರ್ಧಕ್ಕೆ ಬಿಟ್ಟುಹೋದ ಪ್ರಾಜೆಕ್ಟನ್ನು ಡೆಡ್‌ಲೈನ್ ಒಳಗೆ ಮುಗಿಸಿ ಸಬ್‌ಮಿಟ್ ಮಾಡಬೇಕಾದ ಜೂನಿಯರ್‌ನ ಪರಿಸ್ಥಿತಿ ಯೋಚಿಸಿ, ಆ ಸೀನಿಯರ್ ಮೊಜಾರ್ಟ್ ಆಗಿದ್ದರೆ ಹೇಗಿರುತ್ತೆ ಅಂತಲೂ ಯೋಚಿಸಿ. ಕೈಬರಹ ಕೂಡ ಗುರುವಿನ ಹಾಗೇ ಬರೆಯುತ್ತಿದ್ದರು. ಸ್ಕೋರ್ ಮೇಲೆ ಮೊಜಾರ್ಟ್ ಸಹಿಯನ್ನೂ ಹಾಕಿಬಿಟ್ಟರು, ಪಕ್ಕದಲ್ಲಿ 1792 ಅಂತ ಇಸವಿ. ಮೊಜಾರ್ಟ್ ಸತ್ತಿದ್ದು 1791! ಲ್ಯಾಬ್ ರೆಕಾರ್ಡ್‌ನಲ್ಲಿ ಇಂಥ ಕೆಲಸ ಮಾಡಿದವರಿಗೂ ಇಷ್ಟು ಅಜಾಗರೂಕತೆ ಇರಲ್ಲ.

‘ಸಾಂಕ್ಟುಸ್’, ‘ಬೆನೆಡಿಕ್ಟುಸ್’, ‘ಆಗ್ನುಸ್ ದೇಯಿ’ ಮೂರೂ ಪೂರ್ತಿ ತನ್ನದೇ ಅಂತ ಸೂಸ್‌ಮಾಯರ್ 1800ರಲ್ಲಿ ಪ್ರಕಾಶಕರಿಗೆ ಪತ್ರ ಬರೆದರು. ಅವತ್ತಿನಿಂದ ಇವತ್ತಿನವರೆಗೂ ಅವರಿಗೆ ಬೈಗುಳವೇ. ದನಿಗಳನ್ನು ನಡೆಸುವಲ್ಲಿ ತಪ್ಪು, ವಾದ್ಯಗಳ ಜೋಡಣೆ ಭಾರ, ‘ಓಸಾನ್ನಾ’ ತೀರಾ ಗಿಡ್ಡ, ಎರಡನೇ ಸಲ ಬಂದಾಗ ಮೊದಲಿನ ಶ್ರುತಿಯಲ್ಲೇ ಬರಬೇಕಿತ್ತು, ಬೇರೆ ಶ್ರುತಿಯಲ್ಲಿ ಬರುತ್ತೆ. ಇವೆಲ್ಲ ನಿಜ. ಅದಕ್ಕೆ ಫ್ರಾನ್ಸ್ ಬೇಯರ್ 1970ರ ದಶಕದ ಆರಂಭದಲ್ಲಿ ತಿದ್ದುಪಡಿ ತಂದರು. ರಿಚರ್ಡ್ ಮಾಂಡರ್ ಸಾಂಕ್ಟುಸ್ ಮತ್ತು ಬೆನೆಡಿಕ್ಟುಸ್ ಅನ್ನೇ ಕಿತ್ತುಹಾಕಿದರು. ಹಾಗ್‌ವುಡ್ ನುಡಿಸಿದ್ದು ಅದನ್ನೇ. ರಾಬರ್ಟ್ ಲೆವಿನ್ 1990ರ ದಶಕದಲ್ಲಿ ತಮ್ಮದೇ ಪೂರ್ಣಪಾಠ ಕೊಟ್ಟರು. 1960ರ ದಶಕದಲ್ಲಿ ಬರ್ಲಿನ್‌ನಲ್ಲಿ ಸಿಕ್ಕ ಮೊಜಾರ್ಟ್‌ನ ಒಂದು ಸ್ಕೆಚ್ ಹಿಡಿದು ಲಾಕ್ರಿಮೋಸಾದ ಕೊನೆಗೆ ‘ಆಮೆನ್’ ಅಂತ ಒಂದು ದೊಡ್ಡ ಫ್ಯೂಗ್ ಬೆಳೆಸಿದರು. ಕೇಳಿ, ಚೆನ್ನಾಗಿದೆ. ಲೆವಿನ್ ಅವರ ಬುದ್ಧಿಗೆ ಕೈಮುಗೀತೀವಿ.

ಆದರೆ ಬೋಸ್ಟನ್ ಬರೋಕ್ ತಂಡ ಇದೇ ಲೆವಿನ್ ಪಾಠವನ್ನು ಹಳೇ ವಾದ್ಯಗಳಲ್ಲಿ ರೆಕಾರ್ಡ್ ಮಾಡಿದೆ. ವಾದ್ಯ 1791ರದ್ದು, ಅರ್ಧ ಸ್ಕೋರ್ ಎರಡು ಶತಮಾನ ಆದಮೇಲಿನದ್ದು! ಪ್ರಯೋಗ ಅಂದರೆ ಓಕೆ. ಅಸಲಿ ಅಂದರೆ ಹೇಗೆ? 1793ರ ಜನವರಿ 2ರಂದು ವಿಯೆನ್ನಾದಲ್ಲಿ ಕಾನ್‌ಸ್ಟಾಂಝೆಯ ಸಹಾಯಾರ್ಥ ನಡೆದ ಕಾರ್ಯಕ್ರಮದಲ್ಲಿ ಜನ ಕೇಳಿದ್ದು ಸೂಸ್‌ಮಾಯರ್ ಮುಗಿಸಿದ್ದನ್ನು. 1809ರಲ್ಲಿ ಹೇಡನ್‌ಗೆ, 1827ರಲ್ಲಿ ಬೀಥೋವನ್‌ಗೆ, 1849ರಲ್ಲಿ ಶೋಪ್ಯಾನ್‌ಗೆ ವಿದಾಯ ಹೇಳಿದ್ದು ಆ ಬೈಸಿಕೊಂಡ ಹುಡುಗನ ಸ್ವರಗಳಲ್ಲಿ. ಆ ಕಾಲದ ವಾದ್ಯ ಬೇಕು, ಆ ಕಾಲದ ಟ್ರಾಂಬೋನ್ ಬೇಕು, ಆ ಕಾಲದ ಸೂಸ್‌ಮಾಯರ್ ಮಾತ್ರ ಬೇಡ ಅಂದರೆ ಅದು ಇತಿಹಾಸದ ಮೇಲಿನ ಪ್ರೀತಿ ಅಲ್ಲ. ಅದು ದೊಡ್ಡ ಹೆಸರಿನ ಮೇಲಿನ ಪ್ರೀತಿ.

ಸೂಸ್‌ಮಾಯರ್‌ನನ್ನು ಬಿಟ್ಟು ನಿಜವಾಗಿಯೂ ಪ್ರಾಮಾಣಿಕವಾಗಿರೋ ದಾರಿ ಒಂದೇ. ಎಂಟನೇ ಬಾರ್‌ಗೆ ಲಾಕ್ರಿಮೋಸಾ ನಿಲ್ಲಿಸಿ ಸುಮ್ಮನಾಗೋದು. ಹಾಗೆ ಮಾಡುವವರೂ ಇದ್ದಾರೆ. ಕೇಳಿದವರಿಗೆ ಎದೆ ಝಲ್ ಅನ್ನುತ್ತೆ. ಆದರೆ ಪೂಜೆ ಅರ್ಧಕ್ಕೆ ನಿಲ್ಲುತ್ತೆ, ಸತ್ತವರಿಗೆ ಪ್ರಾರ್ಥನೆ ಪೂರ್ತಿ ಆಗಲ್ಲ.

ಸತ್ತವರು ಅಂದೆವಲ್ಲ. ಈ ಕೃತಿ ಯಾರು ಸತ್ತಿದ್ದಕ್ಕೆ ಬರೆಸಿದ್ದು ಅಂತ ಕೇಳಿದರೆ ಎಷ್ಟು ಜನ ಹೇಳ್ತಾರೆ? ಸಿನಿಮಾದಿಂದಾಗಿ ಮೊಜಾರ್ಟ್ ತನ್ನ ಸಾವಿಗೇ ಬರೆದುಕೊಂಡ ಅಂತ ಎಲ್ಲರ ತಲೆಯಲ್ಲಿ ಕೂತಿದೆ. ಬರೆಸಿದ್ದು ಫ್ರಾನ್ಸ್ ಫಾನ್ ವಾಲ್ಸೆಗ್ ಅನ್ನೋ ಕೌಂಟ್. ಅವನ ಹೆಂಡತಿ ಆನ್ನಾ 1791ರ ಫೆಬ್ರವರಿ 14ರಂದು ತೀರಿಕೊಂಡಿದ್ದಳು. ವಯಸ್ಸು 20. ನಮಗಿಂತ ಒಂದು ವರ್ಷ ದೊಡ್ಡವಳು. ವಾಲ್ಸೆಗ್‌ಗೆ ಒಂದು ಚಟ ಇತ್ತು, ಬೇರೆಯವರ ಹತ್ತಿರ ಸಂಗೀತ ಬರೆಸಿ, ತನ್ನ ಕೈಯಲ್ಲಿ ನಕಲು ಮಾಡಿ, ತನ್ನದು ಅಂತ ನುಡಿಸೋದು. ನುಡಿಸುವವರಿಗೆ ಗುಟ್ಟು ಗೊತ್ತಿದ್ದೂ ಸುಮ್ಮನಿರುತ್ತಿದ್ದರು ಅಂತ ಅಂಟೋನ್ ಹೆರ್ಟ್ಸೋಗ್ ಅನ್ನೋ ಮೇಷ್ಟ್ರು ಬರೆದಿಟ್ಟಿದ್ದಾರೆ. ರೆಕ್ವಿಯಮ್ ಅನ್ನೂ ಹಾಗೇ ತನ್ನ ಹೆಸರು ಹಾಕಿಕೊಂಡು, 1793ರ ಡಿಸೆಂಬರ್ 14ರಂದು ವೀನರ್ ನಾಯ್‌ಶ್ಟಾಟ್ ಊರಿನ ಮಠದ ಚರ್ಚಿನಲ್ಲಿ ಪೂಜೆಯ ಭಾಗವಾಗಿ ನುಡಿಸಿದ. ಮತ್ತೆ 1794ರ ಫೆಬ್ರವರಿ 14ರಂದು, ಅವಳು ಹೋದ ದಿನಕ್ಕೆ ಸರಿಯಾಗಿ, ಇನ್ನೊಂದು ಸಲ. ಕಳ್ಳತನ ಕಳ್ಳತನವೇ. ಆದರೂ ಆ ಎರಡು ದಿನ ಈ ಸಂಗೀತ ಹುಟ್ಟಿದ ಕೆಲಸವನ್ನು ಮಾಡಿತು.

ಈಗ ಇದನ್ನು ಹೋಲಿಸಿ. 1964ರ ಜನವರಿ 19ರಂದು ಬೋಸ್ಟನ್ನಿನ ಹೋಲಿ ಕ್ರಾಸ್ ಕ್ಯಾಥೀಡ್ರಲ್‌ನಲ್ಲಿ ಕೊಲೆಯಾದ ಅಧ್ಯಕ್ಷ ಕೆನಡಿಗಾಗಿ ಬೋಸ್ಟನ್ ಸಿಂಫನಿ ಈ ರೆಕ್ವಿಯಮ್ ನುಡಿಸಿತು. ಎಲ್ಲ ಆಧುನಿಕ ವಾದ್ಯ. ಆದರೆ ಅದು ನಿಜವಾದ ಪೂಜೆ, ನಡುವೆ ಪಾದ್ರಿಗಳ ಮಂತ್ರ, ಪ್ರಾರ್ಥನೆ, ಕೊನೆಗೆ ಚಪ್ಪಾಳೆ ಇಲ್ಲ. ಇನ್ನೊಂದು ಕಡೆ ಟಿಕೆಟ್ ಇಟ್ಟ ಹಾಲ್‌ನಲ್ಲಿ ಕರುಳಿನ ತಂತಿ, ಚರ್ಮದ ಡ್ರಮ್, 430 ಹರ್ಟ್ಸ್, ಕೊನೆಗೆ ಎದ್ದು ನಿಂತು ಐದು ನಿಮಿಷ ಚಪ್ಪಾಳೆ. ಯಾವುದು ಹೆಚ್ಚು ಅಸಲಿ? ನಮಗೆ ಬೋಸ್ಟನ್ ಅನಿಸುತ್ತೆ. ಆದರೆ ಕೇಳಲು ಆರಿಸೋದು ಎರಡನೆಯದನ್ನೇ. ಇದರಲ್ಲಿ ವಿರೋಧ ಏನೂ ಇಲ್ಲ, ಅವು ಎರಡು ಬೇರೆ ಪ್ರಶ್ನೆಗಳು. 1969ರ ಸುಧಾರಣೆಯ ನಂತರ ಕ್ಯಾಥೊಲಿಕ್ ಚರ್ಚೇ ‘ದಿಯೆಸ್ ಇರೇ’ ಭಾಗವನ್ನು ಸತ್ತವರ ಪೂಜೆಯಿಂದ ತೆಗೆದುಹಾಕಿತು. ಹಾಗಾಗಿ ಹಾಲ್‌ನಲ್ಲಿ ನುಡಿಸುವುದನ್ನು ಯಾರೂ ಕೀಳಾಗಿ ನೋಡಬೇಕಿಲ್ಲ.

ನಾವು ಕೇಳೋದು ಸಣ್ಣ ಸಂಗತಿಗಳು. ಕಾರ್ಯಕ್ರಮದ ಪುಸ್ತಿಕೆಯಲ್ಲಿ ‘ಆ ಕಾಲದ ವಾದ್ಯಗಳು’ ಅಂತ ಹಾಕಿ, ಯಾಕೆ ಅಂತಲೂ ಬರೀರಿ, ‘ಅಸಲಿ’ ಬೇಡ. ಟ್ರಂಪೆಟ್‌ನಲ್ಲಿ ತೂತು ಇದ್ದರೆ ಇದೆ ಅನ್ನಿ. ಮುಖಪುಟದಲ್ಲಿ ಮೊಜಾರ್ಟ್ ಹೆಸರಿನ ಪಕ್ಕ ಸೂಸ್‌ಮಾಯರ್ ಹೆಸರನ್ನು ಅದೇ ಅಳತೆಯ ಅಕ್ಷರದಲ್ಲಿ ಹಾಕಿ. ಅವರ ಪಾಠ ನುಡಿಸದಿದ್ದರೆ ಯಾರದ್ದು ನುಡಿಸ್ತೀರೋ ಅವರ ಹೆಸರು ಹಾಕಿ. ಒಳಗಿನ ಪುಟದಲ್ಲಿ ಎಲ್ಲಾದರೂ ಆನ್ನಾ ಫಾನ್ ವಾಲ್ಸೆಗ್ ಅಂತ ಒಂದು ಸಾಲು. ಮಾಡೋಕೆ ಖರ್ಚೇನೂ ಇಲ್ಲ.

ಕೇಳಬೇಕು ಅನ್ನುವವರು ಗಾರ್ಡಿನರ್ 1986ರಿಂದ ಶುರು ಮಾಡಿ, ಆಮೇಲೆ ಬೋಮ್ 1971. ಫೋನಿನ ಸ್ಪೀಕರ್‌ನಲ್ಲಿ ಬೇಡ, ಟ್ರಾಂಬೋನ್ ಕೇಳಿಸಲ್ಲ. ಲಾಕ್ರಿಮೋಸಾದಲ್ಲಿ ಎಂಟು ಬಾರ್ ಎಣಿಸಿ, ಒಂಬತ್ತನೆಯದು ಬಂದಾಗ ಎಲ್ಲಿ ಕೈ ಬದಲಾಯಿತು ಅಂತ ನಿಮ್ಮ ಕಿವಿಗೆ ಗೊತ್ತಾಗುತ್ತಾ ನೋಡಿ. ನಮಗೆ ಗೊತ್ತಾಗಲಿಲ್ಲ. ಗೊತ್ತಾದವರು ಕ್ಲಬ್ ರೂಮಿಗೆ ಬಂದು ಜಗಳ ಆಡಬಹುದು, ಗುರುವಾರ ಲ್ಯಾಬ್ ಮುಗಿದ ಮೇಲೆ ಅಲ್ಲೇ ಇರ್ತೀವಿ.